ಈ ಮನವಿಗೆ ನಾನು ಸಹಿ ಹಾಕಲಾರೆ

ಕಳೆದ ತಿಂಗಳು ನಮ್ಮೂರ ಶಾಲೆಯ ಜಗಲಿಯಲ್ಲಿ ಸೇರಿದ ಸಭೆಯಲ್ಲಿ ಒಂದು ಮನವಿಪತ್ರ ಸಿದ್ಧವಾಯಿತು. ಅರಬೈಲು ಘಟ್ಟದಲ್ಲಿ ರಾತ್ರಿ ಲಾರಿ ಸಂಚಾರವನ್ನು ಸಂಪೂರ್ಣ ನಿಷೇಧಿಸಬೇಕು, ‘ಬೇಜವಾಬ್ದಾರಿ ಲಾರಿ ಚಾಲಕರ ಹಾವಳಿ’ಯಿಂದ ಘಟ್ಟದ ಜನರನ್ನೂ ವನ್ಯಜೀವಿಗಳನ್ನೂ ಕಾಪಾಡಬೇಕು ಎಂಬುದು ಅದರ ಸಾರ. ಸಭೆಯಲ್ಲಿದ್ದವರೆಲ್ಲ ಸಹಿ ಮಾಡಿದರು. ನಾನು ಮಾಡಲಿಲ್ಲ. ಇದರಿಂದ ಕೆಲವು ಹಳೆಯ ಸ್ನೇಹಿತರಿಗೆ ಬೇಸರವಾಗಿದೆಯೆಂದು ಬಲ್ಲೆ. ಇಪ್ಪತ್ತು ವರ್ಷ ಜೊತೆಯಲ್ಲಿ ನಡೆದವರಿಗೆ ಕಾರಣವನ್ನು ಬರೆದು ತಿಳಿಸುವುದು ನನ್ನ ಕರ್ತವ್ಯ.

ಮನವಿಯಲ್ಲಿರುವ ದೂರುಗಳು ಸುಳ್ಳಲ್ಲ. ರಸ್ತೆಯಿಂದ ಎರಡು ಫರ್ಲಾಂಗು ದೂರದಲ್ಲಿ ಮಲಗುವ ನನಗೂ ನಡುರಾತ್ರಿಯ ಹಾರ್ನ್ ಕೇಳಿಸುತ್ತದೆ. ತಿರುವಿನಲ್ಲಿ ಸತ್ತು ಬಿದ್ದ ಪುನುಗನ್ನು ನಾನೂ ದಾರಿಯಿಂದ ಎಳೆದು ಹಾಕಿದ್ದೇನೆ. ಇಳಿಜಾರಿನಲ್ಲಿ ಲಾರಿ ಇಳಿದು ಹೋದ ಮೇಲೆ ಗಾಳಿಯಲ್ಲಿ ಉಳಿಯುವ ಸುಟ್ಟ ಬ್ರೇಕಿನ ವಾಸನೆ ಘಟ್ಟದವರೆಲ್ಲರಿಗೂ ಪರಿಚಿತ. ಆ ವಾಸನೆ ಎಲ್ಲಿಂದ ಹುಟ್ಟುತ್ತದೆಂಬುದು ನನಗೆ ತಿಳಿದದ್ದು ಮಾತ್ರ ಘಟ್ಟದಲ್ಲಲ್ಲ, ಇಟಗಿಯಲ್ಲಿ.

ಇಟಗಿಯೆಂದರೆ ನಮ್ಮ ವಿದ್ಯಾರ್ಥಿಗಳಿಗೆ ಇತಿಹಾಸ ಪುಸ್ತಕದ ಹೆಸರು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ, ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಕರೆದ ಗುಡಿ ಅಲ್ಲಿದೆ. ನಾನು ಹೋಗುತ್ತಿದ್ದುದು ಗುಡಿಗಾಗಿ ಅಲ್ಲ, ಕಡಲೆ ಹೊಲಗಳಿಗಾಗಿ. ಮಳೆಯನ್ನೇ ನೆಚ್ಚಿದ ಎರೆಭೂಮಿ ಅದು. ಹಿಂಗಾರು ಕೈಕೊಟ್ಟರೆ ಮನೆಯ ಒಬ್ಬ ಮಗ ಲಾರಿಯ ಕ್ಲೀನರ್ ಆಗಿ ಹೊರಡುತ್ತಾನೆ, ಕೆಲವು ವರ್ಷಗಳಲ್ಲಿ ಸ್ಟೇರಿಂಗ್ ಹಿಡಿಯುತ್ತಾನೆ. ಸಮೀಪದ ಬನ್ನಿಕೊಪ್ಪದ ಬಳಿ ಹೊಸಪೇಟೆ–ಗದಗ ಹೆದ್ದಾರಿ ಹಾದುಹೋಗುತ್ತದೆ. ಅಂದರೆ ಅವರ ಊರ ಪಕ್ಕದ ದಾರಿಯೇ ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿ ನಮ್ಮ ಘಟ್ಟವನ್ನು ಇಳಿಯುತ್ತದೆ. ನಾವು ಬೈಯುವ ‘ಹೊರಗಿನವನು’ ಅದೇ ದಾರಿಯ ಮೇಲಿನ ತುದಿಯ ರೈತನ ಮಗ.

ನಾನು ಕಡಲೆ ನೋಡಲು ಹೋಗುತ್ತಿದ್ದ ಹೊಲದ ಯಜಮಾನರ ತಮ್ಮ ಇಪ್ಪತ್ತೆರಡು ವರ್ಷಗಳಿಂದ ಲಾರಿ ನಡೆಸುತ್ತಿದ್ದಾನೆ. ಅವನ ಒಂದು ಫೇರಿಯ ಲೆಕ್ಕವನ್ನು ಜಗುಲಿಯ ಮೇಲೆ ಕುಳಿತು ಕೇಳಿದೆ. ಗಂಗಾವತಿಯಲ್ಲಿ ಅಕ್ಕಿ ತುಂಬಲು ಬೆಳಿಗ್ಗೆ ಸರದಿಯಲ್ಲಿ ನಿಂತರೆ ಹಮಾಲರು ಸಿಗುವುದು ಮಧ್ಯಾಹ್ನ, ಲಾರಿ ಹೊರಡುವುದು ಸಂಜೆ. ಕಾದ ಹೊತ್ತಿಗೆ ಕೂಲಿಯಿಲ್ಲ. ಕರಾವಳಿಯ ವ್ಯಾಪಾರಿಗೆ ಬೆಳಗಾಗುವುದರೊಳಗೆ ಮಾಲು ಬೇಕು. ತಡವಾದರೆ ಇಳಿಸುವವರು ಮರುದಿನಕ್ಕೆ ತಳ್ಳುತ್ತಾರೆ, ಆ ದಿನವೂ ಕೂಲಿಯಿಲ್ಲ. ಹೀಗಾಗಿ ಹಗಲಿಡೀ ಬಿಸಿಲಲ್ಲಿ ಕಾದು ಕಣ್ಣು ಕೆಂಪಾದವನು ರಾತ್ರಿಯ ಎರಡು-ಮೂರು ಗಂಟೆಗೆ, ಮನುಷ್ಯನ ದೇಹ ನಿದ್ರೆಯನ್ನು ಅತ್ಯಂತ ಬಲವಾಗಿ ಬೇಡುವ ಹೊತ್ತಿಗೆ ಸರಿಯಾಗಿ, ಘಟ್ಟದ ನೆತ್ತಿಗೆ ಬಂದಿರುತ್ತಾನೆ. ಈ ವೇಳಾಪಟ್ಟಿಯನ್ನು ಅವನು ಬರೆದದ್ದಲ್ಲ.

ದಾರಿಯನ್ನು ಆಯ್ದುಕೊಳ್ಳುವವನೂ ಅವನಲ್ಲ. ಮಾಲೀಕನು ಫೇರಿಗೆ ಇಷ್ಟೆಂದು ಹಣ ಕೊಡುತ್ತಾನೆ. ಡೀಸೆಲ್ಲು, ಊಟ, ಪಂಕ್ಚರು, ದಾರಿಯುದ್ದಕ್ಕೂ ಚಾಚುವ ಕೈಗಳು ಎಲ್ಲವೂ ಅದರಲ್ಲೇ ಆಗಬೇಕು. ಮಿಕ್ಕದ್ದು ಚಾಲಕನ ಪಾಲು. ಆದ್ದರಿಂದ ಹೆಚ್ಚು ಸುತ್ತಿದ ಪ್ರತಿಯೊಂದು ಮೈಲಿಯೂ ಅವನ ಮಕ್ಕಳ ಶಾಲೆಯ ಶುಲ್ಕದಿಂದ ಕಡಿದುಹೋಗುತ್ತದೆ. ಘಟ್ಟ ಮುಚ್ಚಿದೆಯೆಂಬ ಫಲಕ ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಕಂಡರೆ ಅವನು ಬೇರೆ ದಾರಿ ಯೋಚಿಸಿಯಾನು. ಘಟ್ಟದ ಬಾಯಿಯಲ್ಲಿ ಕಂಡರೆ ಉಳಿಯುವುದು ಎರಡೇ ಮಾರ್ಗ: ಕಾಯುವುದು, ಇಲ್ಲವೇ ಭಾರದ ಲಾರಿಗೆ ಅವಕಾಶವಿಲ್ಲದ ಹಳ್ಳಿದಾರಿಗೆ ನುಗ್ಗುವುದು. ನಮ್ಮ ಕಿರುಸೇತುವೆಗಳು ಮುರಿಯುವುದು ಈ ಎರಡನೆಯದರಿಂದ.

ಇನ್ನು ಆ ಸುಟ್ಟ ವಾಸನೆ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿಯೇ ಇಳಿಯಬೇಕು, ಎಂಜಿನ್ನೇ ವೇಗವನ್ನು ತಡೆಯಬೇಕು. ಇದು ಎಲ್ಲ ಚಾಲಕರಿಗೂ ಗೊತ್ತು. ಆದರೆ ನ್ಯೂಟ್ರಲ್ಲಿನಲ್ಲಿ ಇಳಿಸಿದರೆ ಡೀಸೆಲ್ಲು ಉಳಿಯುತ್ತದೆ ಎಂಬ ನಂಬಿಕೆ ಲಾರಿಯವರಲ್ಲಿ ಬಲವಾಗಿದೆ, ಉಳಿದ ಡೀಸೆಲ್ಲು ಅವನದು. ಆಗ ಇಡೀ ಭಾರವನ್ನು ಬ್ರೇಕುಗಳೇ ಹೊರಬೇಕಾಗುತ್ತದೆ. ಡ್ರಮ್ಮು ಕಾಯುತ್ತದೆ, ಲೈನಿಂಗು ಹಿಡಿತ ಕಳೆದುಕೊಳ್ಳುತ್ತದೆ. “ಗೊತ್ತಿದ್ದೂ ಯಾಕೆ ಮಾಡ್ತೀಯಪಾ?” ಎಂದು ಕೇಳಿದೆ. “ಸರ, ನೀವು ಪಗಾರದಾಗ ಡೀಸೆಲ್ ಹಾಕ್ಸಿ ನೋಡ್ರಿ” ಎಂದ. ನನ್ನ ಬಳಿ ಉತ್ತರವಿರಲಿಲ್ಲ.

ಕಾನೂನು ಇರಲಿಲ್ಲವೇ? ಇತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆಯೆಂದು ವಿಧಿಸಿತ್ತು. ಆದರೆ ಅದು ಅನ್ವಯಿಸುತ್ತಿದ್ದುದು ಐದು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗೆ. ಒಂದೋ ಎರಡೋ ಲಾರಿಯ ಮಾಲೀಕನ ಬಳಿ ದುಡಿಯುವವನು ಅದರ ಹೊರಗೇ ಉಳಿದ. ಮಿತಿಮೀರಿದ ಹೇರಿಕೆಯ ಮಾತೂ ಹೀಗೆಯೇ. 2019ರ ತಿದ್ದುಪಡಿಯ ಪ್ರಕಾರ ಅದಕ್ಕೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಓಡಿಸಿದವನು ಮಾತ್ರವಲ್ಲ, ಓಡಿಸಲು ಕಾರಣನಾದವನೂ ಓಡಿಸಗೊಟ್ಟವನೂ ಹೊಣೆಯೆಂದು ಕಲಮು ಹೇಳುತ್ತದೆ. ಆದರೆ ತಡೆದು ನಿಲ್ಲಿಸಿದ ರಾತ್ರಿ ಸಿಕ್ಕುವವನು ಒಬ್ಬನೇ. ಹೇರಿಸಿದವನು ಗೋದಾಮಿನ ಮೇಲ್ಮಹಡಿಯಲ್ಲಿ ನಿದ್ರಿಸುತ್ತಿರುತ್ತಾನೆ.

ರಸ್ತೆ ಹಾಳಾಗುವುದರ ಹಿಂದೆ ಒಂದು ಸರಳ ಗಣಿತವಿದೆ, ವಿದ್ಯಾರ್ಥಿಗಳು ಗಮನಿಸಬೇಕು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಲ್ಲಿ ಕಂಡುಬಂದಂತೆ, ಅಚ್ಚಿನ ಮೇಲಿನ ಭಾರ ಹೆಚ್ಚಿದಾಗ ರಸ್ತೆಯ ಹಾನಿ ಸುಮಾರಾಗಿ ಅದರ ನಾಲ್ಕನೆಯ ಘಾತದಷ್ಟು ಹೆಚ್ಚುತ್ತದೆ. ಒಂದೂವರೆ ಪಟ್ಟು ಹೇರಿದರೆ ಐದು ಪಟ್ಟು ಹಾನಿ, ಎರಡು ಪಟ್ಟು ಹೇರಿದರೆ ಹದಿನಾರು ಪಟ್ಟು. ಲಾರಿಗಳ ಸಂಖ್ಯೆಯನ್ನು ಮಾತ್ರ ಎಣಿಸುವ ನಮ್ಮ ಮನವಿ ಈ ಲೆಕ್ಕವನ್ನೇ ಬಿಟ್ಟಿದೆ. ಸರಕಾರವಾದರೂ 2018ರ ಜುಲೈಯಲ್ಲಿ ಮೂರು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಏರಿಸಿತು. ಅಂದು ನಮ್ಮಲ್ಲಿ ಎಷ್ಟು ಜನ ಪ್ರತಿಭಟಿಸಿದೆವು?

ಅದಿರಿನ ವರ್ಷಗಳನ್ನು ನೆನೆಯಿರಿ. ಬಳ್ಳಾರಿ, ಸಂಡೂರು, ಹೊಸಪೇಟೆಗಳಿಂದ ಬೇಲೆಕೇರಿ ಮತ್ತು ಕಾರವಾರಕ್ಕೆ ಕೆಂಪು ಲಾರಿಗಳ ಸಾಲು ಇದೇ ಘಟ್ಟದಲ್ಲಿ ಇಳಿಯಿತು. ನಾವು ರಸ್ತೆಗಿಳಿದಾಗ ನಮ್ಮ ಎದುರು ಇದ್ದದ್ದು ಚಾಲಕ, ಕಲ್ಲು ಬಿದ್ದದ್ದೂ ಅವನ ಗಾಜಿಗೆ. ಬೇಲೆಕೇರಿಯಲ್ಲಿ 2010ರಲ್ಲಿ ಜಪ್ತಿಯಾದ ಲಕ್ಷಾಂತರ ಟನ್ ಅದಿರು ಕಾವಲಿದ್ದಂತೆಯೇ ಮಾಯವಾಯಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ವರದಿ 2011ರ ಜುಲೈಯಲ್ಲಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅದು ನಮ್ಮೆಲ್ಲರಿಗೂ ಸಮಾಧಾನ ತಂದ ತೀರ್ಪು, ಅದನ್ನು ನಾನು ಈಗಲೂ ಒಪ್ಪುತ್ತೇನೆ. ಆದರೆ ಸಾಲ ಮಾಡಿ ಲಾರಿ ಕೊಂಡವರ ಬಾಗಿಲಿಗೆ ಫೈನಾನ್ಸಿನವರು ಬಂದ ಸುದ್ದಿ ನಮ್ಮ ಪತ್ರಿಕೆಯ ಯಾವ ಸಂಚಿಕೆಯಲ್ಲೂ ಬರಲಿಲ್ಲ.

ಈಗ ರಾತ್ರಿ ನಿಷೇಧದ ಬೇಡಿಕೆಗೆ ಬರೋಣ. ಬಂಡೀಪುರದಲ್ಲಿ 2009ರಿಂದ ಇರುವ ರಾತ್ರಿ ನಿಷೇಧವನ್ನು ನಾನು ಬೆಂಬಲಿಸಿದವನು, ಇಂದಿಗೂ ಬೆಂಬಲಿಸುವವನು. ಆದರೆ ಅಲ್ಲಿ ಹುಣಸೂರು–ಗೋಣಿಕೊಪ್ಪದ ಬದಲಿ ಮಾರ್ಗವಿತ್ತು. ನಮ್ಮ ಮನವಿಯಲ್ಲಿ ಬದಲಿಯ ಒಂದು ಸಾಲೂ ಇಲ್ಲ. 2025ರ ಜನವರಿ 22ರ ಬುಧವಾರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ-ಹಣ್ಣಿನ ಲಾರಿ ಗುಳ್ಳಾಪುರದ ಬಳಿ ಕಂದಕಕ್ಕೆ ಉರುಳಿ 10 ಮಂದಿ ಅಂದೇ ಪ್ರಾಣಬಿಟ್ಟರು. ಮಾಲಿನ ಜೊತೆಯಲ್ಲೇ ಪಯಣಿಸುತ್ತಿದ್ದ ಸಣ್ಣ ವ್ಯಾಪಾರಿಗಳು ಅವರು. ಮಧ್ಯಾಹ್ನ ಕೊಯ್ದ ಸೊಪ್ಪು ಮರುದಿನ ಹತ್ತು ಗಂಟೆಗೆ ಸಂತೆ ತಲುಪಿದರೆ ಅದನ್ನು ಕೊಳ್ಳುವವರಿಲ್ಲ, ಎಲೆಯೊಳಗಿನ ನೀರು ಅಷ್ಟರಲ್ಲಿ ಆರಿಹೋಗಿರುತ್ತದೆ. ರಾತ್ರಿ ಘಟ್ಟ ಮುಚ್ಚಿ ಸಂತೆಯ ಹೊತ್ತನ್ನು ಹಾಗೆಯೇ ಬಿಟ್ಟರೆ, ನಿಷೇಧ ಆರಂಭವಾಗುವ ಮುನ್ನ ದಾಟಿಬಿಡಬೇಕೆಂದು ಅದೇ ಲಾರಿಗಳು ಮುಸ್ಸಂಜೆಯಲ್ಲಿ, ನಮ್ಮ ಮಕ್ಕಳು ಬಸ್ಸಿಳಿಯುವ ಹೊತ್ತಿನಲ್ಲಿ, ಧಾವಿಸುತ್ತವೆ.

ಘಟ್ಟ ಇಳಿದವನಿಗೆ ಅಂಕೋಲಾದಲ್ಲಿ ಕರಾವಳಿ ಹೆದ್ದಾರಿ ಸಿಗುತ್ತದೆ. ಅಲ್ಲಿಂದ ತುಸು ದಕ್ಷಿಣಕ್ಕೆ ಶಿರೂರು. 2024ರ ಜುಲೈ 16ರ ಬೆಳಿಗ್ಗೆ ಅಲ್ಲಿಯ ಗುಡ್ಡ ಕುಸಿದು ರಸ್ತೆಬದಿಯ ಚಹಾದಂಗಡಿಯನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಮರ ಹೇರಿದ್ದ ಲಾರಿ ಮತ್ತು ಅದರ ಕೇರಳದ ಚಾಲಕ ಸಿಕ್ಕಿದ್ದು ಎಪ್ಪತ್ತು ದಿನ ಕಳೆದ ಮೇಲೆ, ಸೆಪ್ಟೆಂಬರ್ 25ರಂದು. ಹೆದ್ದಾರಿ ಅಗಲಿಸಲು ಗುಡ್ಡದ ಬುಡವನ್ನು ಗೋಡೆಯಂತೆ ಕಡಿದದ್ದನ್ನು ನಾವು ಸರಿಯಾಗಿಯೇ ಖಂಡಿಸಿದೆವು. ಆದರೆ ಲಾರಿಯವರು ಅದೇ ಗುಡ್ಡದ ಕೆಳಗೆ ಏಕೆ ನಿಲ್ಲುತ್ತಿದ್ದರೆಂದು ಕೇಳಲಿಲ್ಲ. ನಿಲ್ಲಲು ಸಪಾಟಾದ ಜಾಗ, ನೀರು, ಒಂದು ಲೋಟ ಚಹಾ ಇದ್ದದ್ದು ಅಲ್ಲಿ. ಲಾರಿಯನ್ನು ನಿಲ್ಲಿಸಿ ನಿರ್ಭಯವಾಗಿ ಮಲಗುವ ತಾಣ ದಾರಿಯಲ್ಲಿ ಎಷ್ಟಿವೆಯೆಂದು ಇಟಗಿಯ ಚಾಲಕನನ್ನು ಕೇಳಿದರೆ ಅವನು ನಗುತ್ತಾನೆ. ಡೀಸೆಲ್ಲು ಕದಿಯುವವರ ಭಯದಿಂದ ಅವನು ಟ್ಯಾಂಕಿನ ಪಕ್ಕದಲ್ಲೇ ಚಾಪೆ ಹಾಸುತ್ತಾನೆ. 2025ರ ಅಕ್ಟೋಬರಿನಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ, ಒಳ್ಳೆಯದೇ. ಅವನ ಲಾರಿ ಹಳೆಯದು.

ಆದ್ದರಿಂದ ಮನವಿಯಲ್ಲಿ ‘ಚಾಲಕರ ಹಾವಳಿ’ ಎಂಬ ಮಾತನ್ನು ಹೊಡೆದುಹಾಕಿ ಇವನ್ನು ಬರೆಯೋಣವೆಂದು ನನ್ನ ಕೋರಿಕೆ. ತೂಕ ಮಾಡುವುದು ಘಟ್ಟದಲ್ಲಲ್ಲ, ಹೇರುವ ಜಾಗದಲ್ಲಿ ಆಗಲಿ, ದಂಡದ ಚೀಟಿ ಸರಕಿನ ಧಣಿಯ ಹೆಸರಿಗೆ ಹೋಗಲಿ. ಯಲ್ಲಾಪುರಕ್ಕೆ ಮುನ್ನ, ಕಾಡು ಕಡಿಯದೆ, ಈಗಾಗಲೇ ಬಯಲಾಗಿರುವ ಜಾಗದಲ್ಲಿ ಲಾರಿಗಳ ತಂಗುದಾಣ ಬರಲಿ. ಘಟ್ಟ ಮುಚ್ಚಿದ ಸುದ್ದಿಯ ಫಲಕ ಗದಗಿನಲ್ಲೇ ನಿಲ್ಲಲಿ. ಸಂತೆಯ ಹೊತ್ತಿನ ಬಗ್ಗೆ ಕುಮಟಾದ ವ್ಯಾಪಾರಿಗಳೊಡನೆ ಮಾತುಕತೆ ನಡೆಯಲಿ. ಇಷ್ಟಾದ ಮೇಲೆ ನಡುರಾತ್ರಿಯ ಕೆಲವು ಗಂಟೆಗಳ ನಿಷೇಧವನ್ನು ಕೇಳೋಣ, ಮೊದಲ ಸಹಿ ನನ್ನದೇ.

ಮುಂದಿನ ಸಭೆಗೆ ಆ ಚಾಲಕನನ್ನು ಕರೆದಿದ್ದೇನೆ. ಬರುವ ಆಸೆ ಅವನಿಗಿದೆ. ಅಂದು ಮಾಲು ಎಲ್ಲಿಗೆ ಎಂಬುದು ಹಿಂದಿನ ಸಂಜೆಯವರೆಗೂ ತನಗೆ ತಿಳಿಯದೆಂದು ಹೇಳಿದ್ದಾನೆ.