ಹೊಸಮನೆಯ ಬಾಲ್ಕನಿ

ಗೃಹಪ್ರವೇಶದ ಗಲಭೆ ಅಡಗಿದೊಡನೆ ಗೃಹಿಣಿಯರ ಕಣ್ಣು ಬಾಲ್ಕನಿಯ ಮೇಲೆ ಬೀಳುವುದು ವಾಡಿಕೆ. ಪಟ್ಟಣದ ಮಹಡಿಮನೆಗಳಲ್ಲಿ ಅಡಿಗೆಯ ಕಟ್ಟೆ ಎಲ್ಲಿರಬೇಕು, ಮಂಚವೆಲ್ಲಿ ಹಿಡಿಸೀತು ಎಂಬುದನ್ನೆಲ್ಲ ಕಟ್ಟಿದವರೇ ನಿರ್ಣಯಿಸಿರುವರು. ನಮ್ಮ ಇಷ್ಟಕ್ಕೆ ಉಳಿದುದು ನಾಲ್ಕಡಿ ಅಗಲ, ಎಂಟಡಿ ಉದ್ದದ ಈ ತುಂಡುನೆಲವೊಂದೇ. ಹಳೆಯ ಮನೆಯ ಜಗಲಿ, ಹಿತ್ತಿಲು, ತುಳಸಿಯ ಕಟ್ಟೆ, ಹಪ್ಪಳ ಒಣಗಿಸುವ ತಾರಸಿ ಎಲ್ಲವೂ ಇಷ್ಟರಲ್ಲಿಯೇ ಅಡಕವಾಗಬೇಕೆಂಬ ಆಸೆ ಸಹಜವಾದುದೇ. ಆದರೆ ಕುಂಡಗಳನ್ನು ಕೊಳ್ಳಲು ಹೊರಡುವ ಮುನ್ನ ಒಂದು ತಿಂಗಳು ತಾಳಬೇಕೆಂದು ನಮ್ಮ ಸೋದರಿಯರಲ್ಲಿ ವಿಜ್ಞಾಪನೆ.

ಮೊತ್ತಮೊದಲು ಒಂದು ಬಕೆಟ್ಟು ನೀರನ್ನು ನೆಲದ ಮೇಲೆ ಸುರಿದು ನೋಡತಕ್ಕದ್ದು. ವಾಟ ಸರಿಯಾಗಿದ್ದರೆ ನೀರು ತಾನಾಗಿ ಕೊಳವೆಯ ಬಾಯಿಗೆ ಹರಿಯುವುದು. ಹೊಸ್ತಿಲ ಬಳಿಗೆ ಬಂದು ನಿಂತರೆ, ಇಲ್ಲವೆ ಮೂಲೆಯಲ್ಲಿ ಮಡುಗಟ್ಟಿದರೆ ಕೆಲಸ ಕೆಟ್ಟಿದೆಯೆಂದೇ ತಿಳಿಯಬೇಕು. ನಿಂತ ನೀರು ಬಿಲ್ಲೆಗಳ ಸಂದಿನಲ್ಲಿಳಿದು ಕಾಂಕ್ರೀಟಿನೊಳಗಣ ಕಬ್ಬಿಣಕ್ಕೆ ತುಕ್ಕು ಹಿಡಿಸುವುದು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಒಡೆಯುವುದು. ಕೆಳಮನೆಯವರ ಚಾವಣಿಯಲ್ಲಿ ಕಲೆ ಮೂಡುವ ವೇಳೆಗೆ ನೆರೆಹೊರೆಯ ಸ್ನೇಹವೂ ಅಷ್ಟಿಷ್ಟು ಕಲೆಗಟ್ಟಿರುತ್ತದೆ. ಜನರು ರೇರಾ ಎಂದು ಕರೆಯುವ 2016ರ ಕಾಯಿದೆಗೆ ಒಳಪಟ್ಟ ಕಟ್ಟಡವಾದರೆ, ಮನೆಯನ್ನು ವಶಕ್ಕೆ ಕೊಟ್ಟ ದಿನದಿಂದ 5 ವರ್ಷಗಳೊಳಗೆ ತಿಳಿಸಿದ ಇಂಥ ದೋಷವನ್ನು 30 ದಿನಗಳಲ್ಲಿ ಖರ್ಚಿಲ್ಲದೆ ಸರಿಪಡಿಸಿಕೊಡುವುದು ಕಟ್ಟಿ ಮಾರಿದವರ ಹೊಣೆ. ಬಾಯಿಮಾತು ಸಾಲದು, ಬರೆದು ತಿಳಿಸಿ, ಪ್ರತಿಯೊಂದನ್ನು ಇಟ್ಟುಕೊಳ್ಳಿರಿ. ಹಳೆಯ ಬಿಲ್ಲೆ ಕೀಳಿಸಿ ನಿಮ್ಮ ಮನಸ್ಸಿಗೊಪ್ಪಿದುದನ್ನು ಹಾಕಿಸಿದ ಬಳಿಕ ದೂರಿದರೆ, ತಪ್ಪು ನಿಮ್ಮ ಮೇಸ್ತ್ರಿಯದೆಂದು ಅವರು ಜಾರಿಕೊಳ್ಳಲು ನೀವೇ ದಾರಿಮಾಡಿಕೊಟ್ಟಂತಾಗುವುದು.

ಬಿಸಿಲಿನ ವಿಚಾರ ಇಷ್ಟು ಸುಲಭವಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯನು ನೆತ್ತಿಗಿಂತ ತುಸು ಉತ್ತರಕ್ಕೂ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೂ ಇರುವನು. ಡಿಸೆಂಬರಿನಲ್ಲಿ ಬಿಸಿಲು ತುಂಬಿದ ತೆಂಕಣ ಬಾಲ್ಕನಿ ಜೂನ್ ತಿಂಗಳಲ್ಲಿ ನೆರಳಾಗುವುದು ಇದರಿಂದಲೇ. ಆದುದರಿಂದ ಮೊದಲ ವರ್ಷ ನಾಲ್ಕೈದು ಗಿಡ ಸಾಕು, ಅವೂ ಎತ್ತಿಡಲು ಬರುವಂಥವು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಿಂದ ಬಣ್ಣಕ್ಕೆ ಮರುಳಾಗಿ ತಂದ ಗಿಡಗಳು ನೆರಳಿನ ಬಾಲ್ಕನಿಯಲ್ಲಿ ಸೊರಗುವುದು ಎಷ್ಟು ಮನೆಗಳ ಕಥೆಯಲ್ಲ! ಮಲ್ಲಿಗೆ, ದಾಸವಾಳ, ತುಳಸಿಗಳಿಗೆ ಬಿಸಿಲು ಬೇಕೇ ಬೇಕು. ದೊಡ್ಡಪತ್ರೆ ಅರೆನೆರಳಿನಲ್ಲಿಯೂ ಬಾಳುವುದು. ವೀಳ್ಯದ ಬಳ್ಳಿಗೆ ನೆರಳೇ ಇಷ್ಟ. ಪಡುವಣ ಬಾಲ್ಕನಿಯಾದರೆ ಸಂಜೆಯ ಉರಿಬಿಸಿಲಿಗೆ ಬಿದಿರಿನ ತಟ್ಟಿಯೊಂದನ್ನು ಇಳಿಬಿಡುವುದೊಳ್ಳೆಯದು. ಗಾಜು ಹಾಕಿಸಿ ಕೋಣೆಯಾಗಿ ಮಾಡಿಕೊಳ್ಳುವ ರೂಢಿ ನಮಗೆ ಒಪ್ಪಿಗೆಯಿಲ್ಲ. ಹಿಂದಿನ ಕೋಣೆಗೆ ಗಾಳಿ ಬರುವ ಬಾಗಿಲನ್ನೇ ಮುಚ್ಚಿದಂತಾಗುವುದು.

ಇನ್ನು ಕಟಕಟೆಯ ಮಾತು. ಈ ಪುಟದಲ್ಲಿ ಬೇರೆಲ್ಲವನ್ನು ಮರೆತರೂ ಇದನ್ನು ಮರೆಯಲಾಗದು. ಬಾಲ್ಕನಿಯ ಕಟಕಟೆ ನೆಲದಿಂದ ಒಂದು ಮೀಟರಿಗಿಂತ ತಗ್ಗಿರಕೂಡದು. ನಿಮ್ಮಲ್ಲಿ ಅಷ್ಟಿದ್ದೀತು. ಆದರೆ ಅದಕ್ಕೆ ಒತ್ತಿ ಒಂದೂವರೆ ಅಡಿಯ ಮಣೆಯನ್ನೋ ದೊಡ್ಡ ಕುಂಡವನ್ನೋ ಇಟ್ಟಿರೆಂದರೆ, ಅದರ ಮೇಲೆ ಹತ್ತಿ ನಿಂತ ಮಗುವಿಗೆ ಕಟಕಟೆ ಎರಡಡಿಯಷ್ಟೇ ಉಳಿಯಿತು. ಮೂರು ವರ್ಷದ ಮಗು ಬೀದಿಯ ಐಸ್‌ಕ್ರೀಮಿನ ಗಂಟೆ ಕೇಳಿದರೆ ಕುಂಡವೆಂದೂ ಗಿಡವೆಂದೂ ನೋಡುವುದಿಲ್ಲ, ಹತ್ತುವುದು. ಕುರ್ಚಿ, ಬುಟ್ಟಿ, ಕುಂಡ ಎಲ್ಲವೂ ಮನೆಯ ಗೋಡೆಯ ಕಡೆಗಿರಲಿ. ಸರಳುಗಳು ಅಡ್ಡಲಾಗಿದ್ದರೆ ಅವೇ ಏಣಿಯ ಮೆಟ್ಟಿಲುಗಳು. ಒಳಬದಿಗೆ ಗಟ್ಟಿಯಾದ ಜಾಲರಿಯನ್ನು ಬಿಗಿಸುವುದಕ್ಕೆ ಹಬ್ಬದವರೆಗೂ ಕಾಯಬಾರದು. ಕಟಕಟೆಯ ಹೊರಕ್ಕೆ ಕುಂಡಗಳನ್ನು ತೂಗುಹಾಕುವುದಂತೂ ಬೇಡವೇ ಬೇಡ. ಗಾಳಿಮಳೆಯ ರಾತ್ರಿ ಕೊಕ್ಕೆ ಕಳಚಿದರೆ ಬೀಳುವುದು ಯಾರ ತಲೆಯ ಮೇಲೆಯೋ!

ಕುಂಡಗಳು ಗೋಡೆಯ ಕಡೆಗಿದ್ದರೆ ಭಾರದ ದೃಷ್ಟಿಯಿಂದಲೂ ಕ್ಷೇಮ. 1987ರ ಭಾರತೀಯ ಮಾನಕದಂತೆ ವಾಸದ ಮನೆಯ ಬಾಲ್ಕನಿಯನ್ನು ಚದರ ಮೀಟರಿಗೆ ಸುಮಾರು 300 ಕಿಲೋ ಭಾರ ತಾಳುವಂತೆ ರೂಪಿಸತಕ್ಕದ್ದು. ಇದು ನೆಲದ ಮೇಲೆಲ್ಲ ಹರಡಿದ ಭಾರದ ಲೆಕ್ಕ. ಗೋಡೆಯಿಂದ ಹೊರಚಾಚಿದ ಚಪ್ಪಡಿಯಲ್ಲಿ ತುದಿಯ ಭಾರವೇ ಹೆಚ್ಚು ಎಳೆಯುವುದು. ಒಂದಡಿಯ ಕುಂಡದ ತೊಯ್ದ ಮಣ್ಣು ಇಪ್ಪತ್ತು ಕಿಲೋವನ್ನು ಸುಲಭವಾಗಿ ಮೀರೀತು. ಮಣ್ಣಿಗೆ ತೆಂಗಿನ ನಾರಿನ ಪುಡಿಯನ್ನು ಬೆರೆಸಿದರೆ ಹಗುರವಾಗುವುದು, ತೇವವೂ ಉಳಿಯುವುದು.

ಬಟ್ಟೆ ಒಣಹಾಕುವುದಕ್ಕೆ ಚಾವಣಿಯಿಂದ ಹಗ್ಗ ಎಳೆದು ಇಳಿಸಿ ಏರಿಸುವ ಕೋಲುಗಳೇ ಉತ್ತಮ. ನೆಲವೆಲ್ಲ ಕುಳಿತುಕೊಳ್ಳಲು ಉಳಿಯುವುದು. ಕುಂಡದಡಿಯ ತಟ್ಟೆಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆಯತಕ್ಕದ್ದು: ಡೆಂಗಿಯ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನ ಅಂಚಿನಲ್ಲಿಯೇ.