ಬೆನ್ನನ್ನು ತಿರುಚದಿರೋಣ
ಗಾಲ್ಫ್ ಚೆಂಡಿನ ತೂಕ 46 ಗ್ರಾಮನ್ನು ಮೀರದು. ಆದರೂ ಆ ಆಟದ ಮಹಾಪಟು ಟೈಗರ್ ವುಡ್ಸ್ 2014ರಿಂದ 2017ರೊಳಗೆ ನಾಲ್ಕು ಬಾರಿ ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾದರು. ಬೆನ್ನನ್ನು ಕೆಡಿಸುವುದು ಭಾರವೊಂದೇ ಅಲ್ಲ; ಬಾಗಿದ ಸೊಂಟವನ್ನು ರಭಸದಿಂದ ಮತ್ತೆ ಮತ್ತೆ ತಿರುಚುವುದೂ ಹೌದು. ಸೊಂಟದ ಕಶೇರುಗಳು ಬಾಗಬಲ್ಲವು, ಹೆಚ್ಚು ತಿರುಗಲಾರವು.

ಸಪ್ತಾಪುರದ ನಮಗೆ ಗಾಲ್ಫ್ ದೂರದ ಆಟವೆನಿಸಬಹುದು. ಆದರೆ ದಿನವಿಡೀ ಓದಲು ಕುಳಿತ ತರುಣರು ಸಂಜೆ ಒಮ್ಮೆಲೇ ಬ್ಯಾಟು ಬೀಸುವುದು, ತಾಯಂದಿರು ತುಂಬಿದ ಕೊಡವನ್ನೆತ್ತುತ್ತಲೇ ಪಕ್ಕಕ್ಕೆ ಹೊರಳುವುದು ಅದೇ ಅಪಾಯವನ್ನು ತರುತ್ತವೆ. ಆದ್ದರಿಂದ ಹತ್ತು ನಿಮಿಷ ನಡೆದು, ಮೈ ಸಡಿಲಿಸಿ ಆಟಕ್ಕಿಳಿಯಬೇಕು. ಭಾರವನ್ನು ಮೊಣಕಾಲು ಮಡಿಸಿ ಎತ್ತಿ, ಪಾದಸಮೇತ ತಿರುಗಬೇಕು. ನೋವು ನುಂಗಿ ಆಡುವುದು ಶೌರ್ಯವಲ್ಲ. ಕಾಲಿಗೆ ಜೋಮು ಇಳಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕಾಯ ಕೆಟ್ಟರೆ ಕಾಯಕ ನಡೆಯದು.