ಗೃಹವಿಚಾರ: ಲೆನ್ಸಿನ ದುರಸ್ತಿಯೋ, ಹೊಸ ಲೆನ್ಸೋ?

ನ್ಯಾಮತಿಯ ಗೃಹಸ್ಥರೊಬ್ಬರು ಬರೆದು ಕೇಳಿರುವರು. ಅವರ ಮಗನು ಮದುವೆ ಮುಂಜಿಗಳ ಛಾಯಾಚಿತ್ರ ತೆಗೆದು ಜೀವನ ನಡೆಸತಕ್ಕವನು. 1,20,000 ರೂಪಾಯಿಗೆ ಕೊಂಡ ಲೆನ್ಸಿನೊಳಗೆ, ಮಳೆಗಾಲ ಕಳೆಯುವಷ್ಟರಲ್ಲಿ, ಜೇಡನ ಎಳೆಗಳಂತಹ ಗುರುತುಗಳು ಅಂಚಿನಲ್ಲಿ ಕಾಣಿಸಿಕೊಂಡಿವೆ. ದುರಸ್ತಿಗೆ 14,000 ರೂಪಾಯಿಗಳೆಂದು ಅಂದಾಜು ಬಂದಿದೆ. ಮಗನಿಗೆ ಹೊಸದೇ ಬೇಕು. ಅದಕ್ಕೆ ತಾಯಿಯ ಬಳೆಗಳನ್ನು ಅಡವಿಡಬೇಕು. ಏನು ಮಾಡತಕ್ಕದ್ದು?

ಲೆನ್ಸಿಗೆ ನಾವು ಮಸೂರವೆನ್ನುತ್ತೇವೆ. ಸಂಸ್ಕೃತದಲ್ಲಿ ಮಸೂರವೆಂದರೆ ಒಂದು ಬೇಳೆ. ಲ್ಯಾಟಿನ್ ಭಾಷೆಯ ಲೆನ್ಸ್ ಎಂಬ ಶಬ್ದಕ್ಕೂ ಅದೇ ಅರ್ಥ. ಆಕಾರದಿಂದ ಬಂದ ಹೆಸರು. ಇರಲಿ.

ಆ ಎಳೆಗಳು ಬೂಷ್ಟು. ಗಾಳಿಯ ತೇವವು ನೂರಕ್ಕೆ 60ನ್ನು ಮೀರಿ ಬಹುದಿನ ನಿಂತರೆ, ಕತ್ತಲೆಯ ಚೀಲದಲ್ಲಿ ಮುಚ್ಚಿಟ್ಟ ಗಾಜಿನ ಮೇಲೂ ಇದು ಬೆಳೆಯುವುದು. ಚನ್ನಗಿರಿಯ ಅಡಕೆತೋಟದ ಮನೆಗಳಲ್ಲಿಯೂ ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿಯೂ ಈ ಭಯವುಂಟು. ಜಗಳೂರಿನ ಒಣಸೀಮೆಯಲ್ಲಿ, ರಂಗಯ್ಯನದುರ್ಗದ ಕಾಡಿಗೆ ಕೊಂಡುಕುರಿಯ ಚಿತ್ರಕ್ಕಾಗಿ ಹೋಗುವವರಿಗೆ ಬೂಷ್ಟಿಗಿಂತ ಧೂಳೇ ಹೆಚ್ಚಿನ ಶತ್ರು. ಆದರೆ ಒಳಸೇರಿದ ನಾಲ್ಕಾರು ಧೂಳಿನ ಕಣಗಳು ಚಿತ್ರದಲ್ಲಿ ಕಾಣುವುದೇ ಅಪರೂಪ. ಅದಕ್ಕಾಗಿ ಹಣ ಸುರಿಯುವುದು ವ್ಯರ್ಥವೇ ಸರಿ. ಮುಂದಿನ ಗಾಜಿನ ಸಣ್ಣ ಗೀರಿಗೂ ಇದೇ ಮಾತು.

ಬೂಷ್ಟು ಹಾಗಲ್ಲ. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 4 ಪಾಲನ್ನು ಹಿಂದಿರುಗಿಸುವುದು. ಇದನ್ನು ತಡೆಯುವ ತೆಳುಲೇಪವನ್ನು 1935ರಲ್ಲಿ ಜರ್ಮನಿಯ ಜೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಕುಲರು ಸಾಧಿಸಿದರು. ಬೂಷ್ಟು ಸ್ರವಿಸುವ ಆಮ್ಲವು ಆ ಲೇಪವನ್ನೂ, ಕಾಲ ಮೀರಿದರೆ ಗಾಜನ್ನೂ ಕೊರೆಯುವುದು. ಮೇಲೆ ಕುಳಿತ ಬೂಷ್ಟನ್ನು ಒರೆಸಬಹುದು. ಕೊರೆದ ಗುರುತನ್ನು ಒರೆಸಲಾಗದು. ಆದುದರಿಂದ ವಿಳಂಬವೇ ಇಲ್ಲಿ ದೊಡ್ಡ ವೆಚ್ಚ.

ನಿರ್ಣಯಕ್ಕೆ ಮೊದಲು ಪರೀಕ್ಷೆ ಆಗಲಿ. ಗೋಡೆಗೆ ವೃತ್ತಪತ್ರಿಕೆಯ ಹಾಳೆಯನ್ನು ಸಮವಾಗಿ ಅಂಟಿಸಿ, ಕ್ಯಾಮೆರಾವನ್ನು ಅದಕ್ಕೆ ನೇರವಾಗಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಲೆನ್ಸಿನ ಕಿಂಡಿಯನ್ನು ಪೂರ್ಣ ತೆರೆದು ಚಿತ್ರ ತೆಗೆಯಬೇಕು. ನಾಲ್ಕು ಮೂಲೆಗಳ ಅಕ್ಷರಗಳೂ ಒಂದೇ ಸಮನಾಗಿದ್ದರೆ ಗಾಜುಗಳು ಸ್ಥಾನ ತಪ್ಪಿಲ್ಲ. ಒಂದು ಪಕ್ಕ ಮಾತ್ರ ಮಸುಕಾದರೆ, ಬಿದ್ದ ಪೆಟ್ಟಿನಿಂದ ಒಳಗೆ ಏನೋ ಓರೆಯಾಗಿರಬಹುದು. ಬಳಿಕ ದೀಪಕ್ಕೆ ಎದುರಾಗಿ ಇನ್ನೊಂದು ಚಿತ್ರ. ಅದರಲ್ಲಿ ಮಂಜು ಕವಿದಂತಿದ್ದರೆ ಬೂಷ್ಟು ನಡುವಿನವರೆಗೂ ಬಂದಿದೆ ಎಂದು ಶಂಕಿಸಬೇಕು.

ನ್ಯಾಮತಿಯ ತರುಣನು ತೆಗೆದು ಕಳುಹಿಸಿದ ಚಿತ್ರಗಳಲ್ಲಿ ಈ ಎರಡು ದೋಷಗಳೂ ಇಲ್ಲ. ದುರಸ್ತಿಯ ವೆಚ್ಚವು ಹೊಸದರ ಬೆಲೆಯಲ್ಲಿ ಎಂಟನೆಯ ಒಂದು ಪಾಲಿಗೂ ಕಡಿಮೆ. ಬಳೆಗಳು ಪೆಟ್ಟಿಗೆಯಲ್ಲಿಯೇ ಇರಲಿ, ದುರಸ್ತಿಯೇ ಯುಕ್ತ. ಅಂಟಿಸಿದ ಜೋಡಿಗಾಜುಗಳ ನಡುವೆ ಬೂಷ್ಟು ಹೊಕ್ಕಿದ್ದರೆ, ಅಥವಾ ಮೋಟಾರೂ ಕೆಟ್ಟು ಬಿಡಿಭಾಗ ದೊರೆಯದಿದ್ದರೆ, ನಾನು ಬೇರೆ ಮಾತು ಹೇಳುತ್ತಿದ್ದೆನು. ಆಗಲೂ ಸಾಲಕ್ಕಿಂತ ಮೊದಲು, ಲಗ್ನದ ದಿನಗಳಿಗೆ ಬಾಡಿಗೆಯ ಲೆನ್ಸು, ಇಲ್ಲವೆ ಪರೀಕ್ಷಿಸಿ ಕೊಂಡ ಹಳೆಯದು, ಇವನ್ನು ಯೋಚಿಸಬೇಕು.

ಅಂದಾಜನ್ನು ಬರವಣಿಗೆಯಲ್ಲಿ ಪಡೆಯಲಿ. ಮನೆಯಲ್ಲಿ ಬಿಚ್ಚುವ ಸಾಹಸವೂ, ಅಕ್ಕಿಯ ಡಬ್ಬಿಯಲ್ಲಿ ಹೂಳುವ ಉಪಾಯವೂ ಬೇಡ. ಅಕ್ಕಿಯ ಹಿಟ್ಟು ಒಳಸೇರುವುದು. ಲೆನ್ಸು ಹಿಂದಿರುಗಿದ ದಿನವೇ ಅದೇ ವೃತ್ತಪತ್ರಿಕೆಯ ಪರೀಕ್ಷೆಯನ್ನು ಮತ್ತೆ ಮಾಡಲಿ, ಮದುವೆಯ ಮನೆಯಲ್ಲಲ್ಲ. ಅನಂತರ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ತೇವಮಾಪಕವನ್ನಿಟ್ಟು, ಮುಳ್ಳು 40 ರಿಂದ 50ರೊಳಗೆ ನಿಲ್ಲುವಂತೆ ನೋಡಿಕೊಳ್ಳಲಿ.